ಕತ್ತರಿ ತಡೆಯುವುದೇನು, ತಡೆಯದ್ದೇನು

ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲೋ ಬನಶಂಕರಿಯಲ್ಲೋ ಕುಳಿತು ಮೊಬೈಲ್‌ನಲ್ಲಿ ಸುನ್ನತಿ ಎಂದು ಹುಡುಕಿದರೆ ಸಾಕು, ಲೇಸರ್, ಸ್ಟೇಪ್ಲರ್ ಎನ್ನುವ ಜಾಹೀರಾತುಗಳು ಸಾಲುಗಟ್ಟುತ್ತವೆ. ಮುಂದೊಗಲು ಹಿಂದೆ ಸರಿಯದೆ ನರಳುವವರಿಗೆ ವೈದ್ಯರು ಹೇಳಿದರೆ ಮಾಡಿಸಿಕೊಳ್ಳಬೇಕಾದದ್ದೇ. ಗುರಪ್ಪನಪಾಳ್ಯ, ತಿಲಕ್‌ನಗರದ ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೆ ಮುಂಜಿ ಮಾಡಿಸುವುದು ಧರ್ಮದ ವಿಷಯ. ತಕರಾರಿರುವುದು ‘ಲೈಂಗಿಕ ರೋಗಗಳಿಂದ ರಕ್ಷಣೆ’ ಎಂಬ ಆಮಿಷದ ಬಗ್ಗೆ.

ಅದು ಪೂರ್ತಿ ಸುಳ್ಳಲ್ಲ. ಫಜೀತಿ ಇರುವುದೇ ಅಲ್ಲಿ.

ದಕ್ಷಿಣ ಆಫ್ರಿಕಾ, ಕೆನ್ಯಾ, ಉಗಾಂಡಾಗಳಲ್ಲಿ 10 ಸಾವಿರಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು ಮೂರು ಪ್ರಯೋಗಗಳು ನಡೆದವು. ಸುನ್ನತಿಯಾದವರಿಗೆ ಹೆಣ್ಣಿನಿಂದ ಎಚ್‌ಐವಿ ತಗಲುವ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮುಂದೊಗಲಿನ ಒಳಪದರ ತೆಳು. ವೈರಸ್ಸಿಗೆ ಸುಲಭವಾಗಿ ಸಿಗುವ ಜೀವಕೋಶಗಳು ಅಲ್ಲಿ ಸಾಕಷ್ಟಿವೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿತಾದರೂ ಕಾರ್ಯಕ್ರಮ ಹಾಕಿಕೊಂಡದ್ದು ಸೋಂಕು ಮನೆಮನೆಗೆ ಹಬ್ಬಿದ್ದ ಆಫ್ರಿಕಾದ ದೇಶಗಳಲ್ಲಿ. ಭಾರತ ಆ ಪಟ್ಟಿಯಲ್ಲಿರಲಿಲ್ಲ.

ನಮ್ಮ ಪಕ್ಕದ ಪುಣೆಯ ಲೆಕ್ಕ ಇನ್ನೂ ಸ್ಪಷ್ಟ. ಅಲ್ಲಿನ ಗುಪ್ತರೋಗ ಚಿಕಿತ್ಸಾಲಯಗಳಿಗೆ ಬರುತ್ತಿದ್ದ 2,298 ಗಂಡಸರನ್ನು ಗಮನಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸುನ್ನತಿಯಾದವರಲ್ಲಿ ಎಚ್‌ಐವಿ ತೀರಾ ಕಡಿಮೆ. ಆದರೆ ಸಿಫಿಲಿಸ್, ಗೊನೋರಿಯಾ, ಹರ್ಪಿಸ್ ವಿಷಯದಲ್ಲಿ ಅಂಥ ರಕ್ಷಣೆ ಕಾಣಲಿಲ್ಲ. ಹರ್ಪಿಸ್, ಎಚ್‌ಪಿವಿ ಒಂದಿಷ್ಟು ತಗ್ಗುವುದನ್ನು ಆಫ್ರಿಕಾದ ಪ್ರಯೋಗಗಳು ತೋರಿಸಿವೆ, ನಿಜ. ಗೊನೋರಿಯಾ ಮನೆ ಮಾಡುವುದು ಮೂತ್ರನಾಳದೊಳಗೆ. ಹೊರಗಿನ ಚರ್ಮ ಕತ್ತರಿಸಿದರೆ ಅದಕ್ಕೇನು?

ಜಾಹೀರಾತುಗಳಲ್ಲಿ ಹೆಂಡತಿಯ ಸುದ್ದಿಯೇ ಇರುವುದಿಲ್ಲ. ಎಚ್‌ಐವಿ ಇರುವ ಗಂಡಸಿಗೆ ಸುನ್ನತಿ ಮಾಡಿದರೆ ಸಂಗಾತಿಗೆ ಸೋಂಕು ತಪ್ಪುತ್ತದೆಯೇ ಎಂದು ಉಗಾಂಡಾದಲ್ಲಿ ಪರೀಕ್ಷಿಸಿದರು. ತಪ್ಪಲಿಲ್ಲ. ಗಾಯ ಮಾಯುವ ಮೊದಲೇ ಕೂಡಿದವರ ಹೆಂಡಂದಿರಿಗೆ ಅಪಾಯ ಹೆಚ್ಚಿದಂತೆಯೇ ಕಂಡಿತು. ಆರು ವಾರ ಕಾಯಬೇಕೆನ್ನುವ ಸೂಚನೆ ದರಪಟ್ಟಿಯ ಪಕ್ಕದಲ್ಲೇ ದಪ್ಪಕ್ಷರದಲ್ಲಿರಬೇಕಾದದ್ದು.

ಜನ ಸುನ್ನತಿಯನ್ನು ಒಪ್ಪುವುದಿಲ್ಲವೆಂದೇನಲ್ಲ. 2008ರಲ್ಲಿ ಪ್ರಕಟವಾದ ಮೈಸೂರಿನ ಅಧ್ಯಯನದಲ್ಲಿ 795 ತಾಯಂದಿರನ್ನು ಮಾತಾಡಿಸಿದ್ದರು, ಹೆಚ್ಚಿನವರು ಹಿಂದೂಗಳು. ಸಾಧಕ ಬಾಧಕ ಎರಡನ್ನೂ ತಿಳಿಸಿ, ಸುರಕ್ಷಿತ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುವುದಾದರೆ ಎಂದು ಕೇಳಿದಾಗ, ಸುನ್ನತಿಯಾಗದ ಗಂಡುಮಕ್ಕಳಿದ್ದ ತಾಯಂದಿರಲ್ಲಿ ಶೇ 81ರಷ್ಟು ಮಂದಿ ಖಂಡಿತ ಮಾಡಿಸುತ್ತೇವೆ ಎಂದರು. ಎರಡೂ ಮಗ್ಗುಲನ್ನು ಕೇಳಿ ಹೇಳಿದ ಉತ್ತರ ಅದು. ಪಿಜಿಯಲ್ಲಿರುವ ಹುಡುಗನಿಗೆ ಒಂದೇ ಮಗ್ಗುಲು ತೋರಿಸಿ ಆಪರೇಷನ್‌ಗೆ ಹಣ ಕಟ್ಟಿಸಿಕೊಳ್ಳುವುದು ವೈದ್ಯವಲ್ಲ, ವ್ಯಾಪಾರ.

ಅವನಿಗೆ ನಿಜಕ್ಕೂ ಬೇಕಾದದ್ದು ಕಾಂಡೋಮು, ಮತ್ತು ಅಂಜಿಕೆಯಿಲ್ಲದ ತಪಾಸಣೆ. ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಮೂತ್ರನಾಳದಿಂದ ಕೀವು ಸೋರುವವರಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಬೂದು ಬಣ್ಣದ ಕಿಟ್ ಕೊಡುತ್ತಾರೆ: ಅಜಿತ್ರೊಮೈಸಿನ್, ಸೆಫಿಕ್ಸಿಮ್. ಎರಡೂ ಒಂದೇ ಸಲ ನುಂಗುವಂಥವು. ಸಂಗಾತಿಗೂ ಚಿಕಿತ್ಸೆಯಾಗಬೇಕು, ಇಲ್ಲದಿದ್ದರೆ ಕಾಯಿಲೆ ಮರಳುತ್ತದೆ. ಅನುಮಾನವಿದ್ದರೆ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು, ಅದಕ್ಕೂ ಕಾಸಿಲ್ಲ.