ಕಾಲುಸಂಕದ ಸಾವು ಪ್ರಕೃತಿ ವಿಕೋಪವೇ?

ಅಡಿಕೆ ಮರದ ಎರಡು ಮೂರು ಕಾಂಡಗಳನ್ನು ಹೊಳೆಗೆ ಅಡ್ಡಲಾಗಿ ಹಾಕಿ, ಹಗ್ಗದಿಂದ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ ಕಟ್ಟಿದರೆ ಕಾಲುಸಂಕ ಸಿದ್ಧವಾಗುತ್ತದೆ. ಬೇಸಗೆಯಲ್ಲಿ ಅದರ ಅಗತ್ಯವೇ ಇರುವುದಿಲ್ಲ. ಆಸಾಡಿಯ ಮಳೆ ಹಿಡಿದ ಮೇಲೆ ಘಟ್ಟದ ಬುಡದ ಎಷ್ಟೋ ಮನೆಗಳಿಗೆ ಶಾಲೆ, ಹಾಲಿನ ಡೈರಿ, ಆಸ್ಪತ್ರೆಗಳಿಗೆ ಹೋಗಲು ಇರುವ ದಾರಿ ಅದೊಂದೇ. ಊರವರೇ ಪ್ರತಿವರ್ಷ ಕಟ್ಟುತ್ತಾರೆ, ಊರವರೇ ಜಾರುತ್ತಾರೆ.

2022ರ ಆಗಸ್ಟ್ 8ರಂದು ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದ ಬೀಜಮಕ್ಕಿಯಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಇಂತಹ ಸಂಕದಿಂದ ಜಾರಿ ಹೊಳೆಗೆ ಬಿದ್ದಳು. ದೇಹ ದೊರೆತದ್ದು ಎರಡು ದಿನಗಳ ಬಳಿಕ. ಇಂತಹ ಸಾವುಗಳ ನಂತರ ನಡೆಯುವುದೆಲ್ಲ ಎಲ್ಲರಿಗೂ ಗೊತ್ತಿದೆ. ಗಣ್ಯರು ಬರುತ್ತಾರೆ, ಸಾಂತ್ವನ ಹೇಳುತ್ತಾರೆ, ಪ್ರಕೃತಿ ವಿಕೋಪದ ಲೆಕ್ಕದಲ್ಲಿ ಚೆಕ್ ಬರುತ್ತದೆ. 2015ರಿಂದ ಕೇಂದ್ರದ ಮಾನದಂಡದಂತೆ ಈ ಮೊತ್ತ 4 ಲಕ್ಷ ರೂಪಾಯಿ. ಚೆಕ್ಕಿನೊಂದಿಗೆ ಕಡತವೂ ಮುಚ್ಚುತ್ತದೆ.

ಕನ್ನಡದಲ್ಲಿ ಎರಡು ಬೇರೆ ಸಂಗತಿಗಳಿಗೆ ‘ಪರಿಹಾರ’ ಎಂಬ ಒಂದೇ ಮಾತನ್ನು ಬಳಸುತ್ತಿರುವುದು ಈ ಗೊಂದಲಕ್ಕೆ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ಒಂದು, ಸರಕಾರ ಕನಿಕರದಿಂದ ನೀಡುವ ನೆರವು. ಅದರಲ್ಲಿ ಯಾರೂ ತಪ್ಪು ಒಪ್ಪಿಕೊಳ್ಳುವುದಿಲ್ಲ. ಇನ್ನೊಂದು, ಯಾರದೋ ಅಲಕ್ಷ್ಯದಿಂದ ಆದ ಹಾನಿಗೆ ಅವರೇ ತುಂಬಿಕೊಡಬೇಕಾದ ನಷ್ಟ. ಮೊದಲನೆಯದನ್ನು ಪಡೆದವರಿಗೆ ಎರಡನೆಯದನ್ನು ಕೇಳುವ ಹಕ್ಕು ಅಷ್ಟರಿಂದಲೇ ಇಲ್ಲವಾಗುವುದಿಲ್ಲ. ಆದರೆ ಕೇಳುವವರು ವಿರಳ.

ವಾಹನ ಅಪಘಾತದಲ್ಲಿ ಸ್ಥಿತಿ ಹೀಗಿಲ್ಲ. 2016ರ ಜೂನ್ 21ರಂದು ಕುಂದಾಪುರ ಸಮೀಪದ ತ್ರಾಸಿಯಲ್ಲಿ ಬಸ್ಸು ಮತ್ತು ಶಾಲಾ ಮಕ್ಕಳಿದ್ದ ಓಮ್ನಿ ಡಿಕ್ಕಿಯಾಗಿ 8 ಮಕ್ಕಳು ಅಸುನೀಗಿದರು. ಅಂತಹ ದುರಂತದಲ್ಲಿ ನೊಂದವರಿಗೆ ಮೋಟಾರು ವಾಹನ ಕಾಯಿದೆ ಇದೆ, ನ್ಯಾಯಮಂಡಳಿ ಇದೆ, ವಿಮೆ ಇದೆ. ಹಣದಿಂದ ಮಗು ಮರಳುವುದಿಲ್ಲ ನಿಜ. ಆದರೂ ತಪ್ಪು ಯಾರದೆಂಬ ಪ್ರಶ್ನೆಯನ್ನು ಒಂದು ಪೀಠದ ಮುಂದೆ ಕೇಳಲಾಗುತ್ತದೆ. ಹೆದ್ದಾರಿಯಲ್ಲಿ ಸತ್ತ ಮಗುವಿಗಿರುವ ಈ ಬಾಗಿಲು ಹೊಳೆಯಲ್ಲಿ ಸತ್ತ ಮಗುವಿಗೆ ಏಕಿಲ್ಲ?

ಬಾಗಿಲು ಇಲ್ಲವೆಂದಲ್ಲ, ಇಕ್ಕಟ್ಟಾಗಿದೆ. 1855ರ ಮಾರಣಾಂತಿಕ ಅಪಘಾತ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರಂತೆ ಮೃತರ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳಿಗಾಗಿ ಸಾವಿನ ದಿನದಿಂದ 2 ವರ್ಷಗಳೊಳಗೆ ಸಿವಿಲ್ ದಾವೆ ಹೂಡಬೇಕು. ಸರಕಾರದ ವಿರುದ್ಧವಾದರೆ ಸಾಮಾನ್ಯವಾಗಿ 2 ತಿಂಗಳ ಮುಂಚಿತ ನೋಟೀಸು ಬೇಕು. ಶೋಕದ ಮನೆಯಲ್ಲಿ ಈ ಅವಧಿ ಹೇಗೆ ಕಳೆಯಿತೆಂಬುದೇ ತಿಳಿಯುವುದಿಲ್ಲ.

ನ್ಯಾಯಾಲಯಗಳು ಹೇಳಿರುವುದೂ ಒಂದೇ ದಿಕ್ಕಿನಲ್ಲಿಲ್ಲ. ದಿಲ್ಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ನಗರಪಾಲಿಕೆಯನ್ನೇ ಹೊಣೆ ಮಾಡಿತು. ರಾಜಕೋಟದಲ್ಲಿ ರಸ್ತೆಬದಿಯ ಮರ ಬಿದ್ದು ಒಬ್ಬರು ಸತ್ತಾಗ, 1997ರಲ್ಲಿ ಅದೇ ನ್ಯಾಯಾಲಯ ಪಾಲಿಕೆ ಹೊಣೆಯಲ್ಲವೆಂದಿತು. ಹರಿದುಬಿದ್ದ ವಿದ್ಯುತ್ ತಂತಿಯ ವಿಷಯದಲ್ಲಿ ಮಾತ್ರ 2002ರ ತೀರ್ಪು ಬಹಳ ಸ್ಪಷ್ಟ. ಅಪಾಯಕಾರಿ ವಸ್ತುವನ್ನು ನಿರ್ವಹಿಸುವ ವಿದ್ಯುತ್ ಮಂಡಳಿ, ತನ್ನ ಅಲಕ್ಷ್ಯ ಸಾಬೀತಾಗದಿದ್ದರೂ ನಷ್ಟ ಕೊಡಲೇಬೇಕು. ತೋಟದೊಳಗೆ ತಂತಿ ಹಾದುಹೋಗಿರುವ ಪ್ರತಿ ಮನೆಯವರೂ ಇದನ್ನು ನೆನಪಿಡುವುದು ಒಳಿತು.

ಸಂಕದ ವಿಷಯದಲ್ಲಿ ಎಲ್ಲವೂ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ಅಪಾಯ ಮೊದಲೇ ಗೊತ್ತಿತ್ತೇ? ಗೊತ್ತಿತ್ತು. ಮಲೆನಾಡು ಮತ್ತು ಕರಾವಳಿಯ ಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟುವ ಕಷ್ಟವನ್ನು ಮನಗಂಡೇ ರಾಜ್ಯ ಸರಕಾರ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನು ಬೀಜಮಕ್ಕಿಯ ದುರಂತಕ್ಕೆ ಹಲವು ವರ್ಷಗಳ ಮೊದಲೇ ಪ್ರಕಟಿಸಿತ್ತು. ಹೆಸರಿಟ್ಟು ಯೋಜನೆ ಮಾಡಿದ ಅಪಾಯವನ್ನು ಬಳಿಕ ವಿಧಿಯಾಟವೆನ್ನುವುದು ಹೇಗೆ?

ಆದರೆ ಸಾಮಾನ್ಯವಾಗಿ ಗೊತ್ತಿತ್ತೆಂಬುದು ನ್ಯಾಯಾಲಯಕ್ಕೆ ಸಾಲದು. ಈ ಊರಿನ ಈ ಸಂಕ ಅಪಾಯದಲ್ಲಿದೆಯೆಂದು ಈ ಕಚೇರಿಗೆ ಈ ದಿನ ತಿಳಿಸಲಾಗಿತ್ತು ಎಂಬುದಕ್ಕೆ ಕಾಗದ ಬೇಕು. ನಮ್ಮ ಹಳ್ಳಿಗಳು ಸೋಲುವುದು ಇಲ್ಲಿ. ಜನಪ್ರತಿನಿಧಿಗಳಿಗೆ ಬಾಯಿಮಾತಿನ ಮನವಿ ನೂರು ಬಾರಿ ಆಗಿರುತ್ತದೆ. ದಿನಾಂಕವಿರುವ ಸ್ವೀಕೃತಿ ಒಂದೂ ಇರುವುದಿಲ್ಲ. ಗ್ರಾಮಸಭೆಯಲ್ಲಿ ಕೂಗಾಡಿದ್ದು ನಡಾವಳಿ ಪುಸ್ತಕಕ್ಕೆ ಬಂದಿರುವುದಿಲ್ಲ.

ಸಾವು ಬರುವ ಮೊದಲೇ ಬಳಸಬಹುದಾದ ದಾರಿಯೂ ಒಂದಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿದೆ. ಸಾರ್ವಜನಿಕರಿಗೆ ಅಪಾಯ ಒಡ್ಡುವ ಅಡಚಣೆ, ಬೀಳುವಂತಿರುವ ಕಟ್ಟಡ ಅಥವಾ ಮರ, ಬೇಲಿಯಿಲ್ಲದ ಹೊಂಡ, ಇವನ್ನು ಸರಿಪಡಿಸಲು ಉಪವಿಭಾಗದ ದಂಡಾಧಿಕಾರಿ ಆದೇಶಿಸಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದವರು ಈ ಅರ್ಜಿಯನ್ನು ಕುಂದಾಪುರದ ಉಪವಿಭಾಗಾಧಿಕಾರಿಗೇ ಕೊಡಬಹುದು. ಕಲ್ಲು ತೆಗೆದು ಹಾಗೆಯೇ ಬಿಟ್ಟ ಕೆಂಪುಕಲ್ಲಿನ ಕೋರೆಗಳಿಗೆ ಈ ಕಲಮು ಹೇಳಿ ಮಾಡಿಸಿದಂತಿದೆ. ಮಳೆನೀರು ತುಂಬಿದ ಮೇಲೆ ಅವುಗಳ ಆಳ ಮಕ್ಕಳಿಗೆ ತಿಳಿಯುವುದಿಲ್ಲ. ಇದೇ ಕಲಮಿನಡಿ ಬಂದ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ, ಹಣವಿಲ್ಲವೆಂಬ ನೆಪ ಹೇಳಿ ಸ್ಥಳೀಯ ಸಂಸ್ಥೆ ತನ್ನ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲವೆಂದು 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ತೀರ್ಮಾನಿಸಿದೆ.

ಹಣದ ನೆಪ ಮುಗಿದಲ್ಲಿ ಕಾಡಿನ ನೆಪ ಹುಟ್ಟುತ್ತದೆ. ಸೇತುವೆಗೆ ಅರಣ್ಯ ಕಾನೂನು ಅಡ್ಡಿ, ಪರಿಸರವಾದಿಗಳು ಅಡ್ಡಿ ಎಂಬ ಮಾತು ಮೂಕಾಂಬಿಕಾ ಅಭಯಾರಣ್ಯದ ಅಂಚಿನ ಊರುಗಳಿಗೆ ಹೊಸದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೇ ಕಲಮು ಶಾಲೆ, ಅಂಗನವಾಡಿ, ರಸ್ತೆ ಮುಂತಾದ 13 ಬಗೆಯ ಸೌಕರ್ಯಗಳಿಗೆ, ಒಂದೊಂದಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಕಾಡುಭೂಮಿ ಒದಗಿಸಲು ಅವಕಾಶವಿತ್ತಿದೆ. ಗ್ರಾಮಸಭೆಯ ಶಿಫಾರಸು ಬೇಕು. ನಾಲ್ಕಡಿ ಅಗಲದ ಕಾಲುಸೇತುವೆಗೆ ಎಷ್ಟು ಮರ ಕಡಿಯಬೇಕಾದೀತು? ಗುಡ್ಡವನ್ನೇ ಸೀಳಿ ಹೆದ್ದಾರಿ ಮಾಡುವಾಗ ಕಾಣದ ಕಾಡು, ಶಾಲೆಯ ಮಗು ದಾಟುವ ಹೊಳೆಯ ಬಳಿ ಮಾತ್ರ ಕಾಣುತ್ತದೆ.

ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ವಾರ್ಡಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಕೂಡಿ ಸಂಕ, ಕೋರೆ, ಜೋತ ತಂತಿಗಳನ್ನು ಪಟ್ಟಿ ಮಾಡಿ, ಫೋಟೋ ಸಹಿತ ಗ್ರಾಮಸಭೆಯಲ್ಲಿ ಓದಿ, ನಡಾವಳಿಯ ಪ್ರತಿ ಕೇಳಿ ಪಡೆಯಬೇಕು. ಒಂದು ಪ್ರತಿ ಪಂಚಾಯತಿಗೆ, ಒಂದು ಉಪವಿಭಾಗಾಧಿಕಾರಿಗೆ. ಎರಡಕ್ಕೂ ಮುದ್ರೆ ಹಾಕಿದ ಸ್ವೀಕೃತಿ ಇರಲಿ. ವಕೀಲರ ಖರ್ಚಿಗೆ ಹೆದರುವ ಮಹಿಳೆಯರು, ಮಕ್ಕಳು ಹಾಗೂ ಪರಿಶಿಷ್ಟರಿಗೆ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಉಚಿತ ನೆರವುಂಟು, ಅದಕ್ಕೆ ಆದಾಯದ ಮಿತಿಯಿಲ್ಲ. ಸ್ವೀಕೃತಿ ಕೊಡಲು ಯಾವ ಕಚೇರಿಯಾದರೂ ಹಿಂಜರಿದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನು ಪಡಿತರ ಚೀಟಿಯ ಜೊತೆ ಜೋಪಾನವಾಗಿಡಬೇಕು.