ಗ್ರಂಥಾಲಯಕ್ಕೆ ಮಾಲು ಬಂತು, ಮಾಸ್ತರರಿಗೆ ಸುದ್ದಿ ಇಲ್ಲ!

ಕೋಟುಮಚಗಿ: ಬೆಳಗಿನ ಗದಗ ಬಸ್ಸಿನ ತುಂಬ ಕಾಲೇಜು ಹುಡುಗ-ಹುಡುಗಿಯರು. ಪಾಸು ತೋರಿಸಿ, ಕಂಬಿ ಹಿಡಿದು ನಿಂತೇ ಹೋಗುತ್ತಾರೆ. ಇವರು ಓದುವ ಕಾಲೇಜಿನ ಗ್ರಂಥಾಲಯಕ್ಕೆ ಹೊಸದಾಗಿ ಏನೇನು ಬಂದಿದೆ ಎಂಬುದು ಇವರಿಗೆ ಹೋಗಲಿ, ಇವರಿಗೆ ಪಾಠ ಹೇಳುವವರಿಗಾದರೂ ಗೊತ್ತಾಗುತ್ತದೆಯೇ?

ಅಂಗಡಿಕಾರರೇ, ಹೊಸ ಮಾಲು ಇಳಿದರೆ ನೀವೇನು ಮಾಡುತ್ತೀರಿ? ಮುಂದೆ ಜೋಡಿಸುತ್ತೀರಿ. ಖಾಯಂ ಗಿರಾಕಿ ಬಂದರೆ ‘ನಿಮಗ ಬೇಕಾದ್ದು ಬಂದೈತ್ರಿ’ ಅಂತ ಕರೆದು ಹೇಳುತ್ತೀರಿ. ಗೋದಾಮಿಗೆ ಕೀಲಿ ಹಾಕಿ ಗಿರಾಕಿ ತಾನೇ ಕೇಳಲಿ ಅಂತ ಕೂತರೆ ವ್ಯಾಪಾರ ನಡೆದೀತೇ?

ಗ್ರಂಥಾಲಯಗಳಲ್ಲೂ ಹಿಂದೆ ಇದಕ್ಕೊಂದು ಪದ್ಧತಿ ಇತ್ತು. ಪುಸ್ತಕ ಬಂತು, ರಿಜಿಸ್ಟರಿನಲ್ಲಿ ನಂಬರು ಹತ್ತಿತು, ಶಿಕ್ಕಾ ಬಿತ್ತು, ಬಾಗಿಲ ಬದಿಯ ರ್‍ಯಾಕಿನಲ್ಲಿ ಕೆಲವು ದಿನ ಮುಖ ತೋರಿಸಿ ನಿಂತಿತು. ಪಟ್ಟಿ ಸೈಕ್ಲೋಸ್ಟೈಲ್ ಆಗಿ ಸ್ಟಾಫ್ ರೂಮಿಗೆ ಹೋಯಿತು, ಪ್ಯೂನ್ ಎಲ್ಲರ ಸಹಿ ತಗೊಂಡ. ಸಹಿ ಮಾಡಿದವರೆಲ್ಲ ಓದಿದರು ಅಂತಲ್ಲ! ಆದರೆ ಪುಸ್ತಕಕ್ಕೆ ಮೈ ಇತ್ತು, ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಬಂದ ಸೀಡಿಗಳ ಕಥಿ ಕೇಳಬ್ಯಾಡ್ರಿ. ಪುಸ್ತಕದ ಹಿಂದಿನ ಚೀಲದಲ್ಲಿ ಬಂದವನ್ನು ಕಳೆದು ಹೋದಾವೆಂದು ತೆಗೆದು ಕಪಾಟಿನಲ್ಲಿಟ್ಟರು. ಅವು ಹೊರಬರುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಸೀಡಿ ಹಾಕುವ ಜಾಗವೇ ಮಾಯವಾಗಿತ್ತು.

ಈಗಿನ ಮಾಲಿಗೆ ಮೈಯೇ ಇಲ್ಲ. ರ್‍ಯಾಕಿಗೆ ಬರುವುದಿಲ್ಲ, ಧೂಳೂ ಹಿಡಿಯುವುದಿಲ್ಲ. ಹೇಳಿದರೆ ಇದೆ, ಹೇಳದಿದ್ದರೆ ಇಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಎನ್-ಲಿಸ್ಟ್’ ಯೋಜನೆಯಲ್ಲಿ ಕಾಲೇಜು ವರ್ಷಕ್ಕೆ ಅಲ್ಪ ಶುಲ್ಕ ಕಟ್ಟಿದರೆ ಸಾವಿರಾರು ನಿಯತಕಾಲಿಕೆ, ಲಕ್ಷಾಂತರ ಇ-ಪುಸ್ತಕ ಸಿಗುತ್ತವೆ. ಆದರೆ ಒಬ್ಬೊಬ್ಬ ಅಧ್ಯಾಪಕರ ಹೆಸರನ್ನೂ ಕಾಲೇಜು ನೋಂದಾಯಿಸಬೇಕು. ಪಾಸ್‌ವರ್ಡ್ ಅವರ ಇಮೇಲಿಗೆ ಹೋಗುತ್ತದೆ. ಆ ಇಮೇಲ್ ತೆಗೆಯದ ಮಾಸ್ತರರ ಮಟ್ಟಿಗೆ ಕಟ್ಟಿದ ದುಡ್ಡು ಹಳ್ಳಕ್ಕೆ ಸುರಿದಂತೆ. ನ್ಯಾಕ್ ತಂಡ ಬರುವ ವಾರ ಮಾತ್ರ ಪಾಸ್‌ವರ್ಡ್ ಹುಡುಕಾಟ ನಡೆದರೆ ಏನು ಬಂತು?

ಇದಕ್ಕಿಂತ ದೊಡ್ಡ ಲೆಕ್ಕ ದೆಹಲಿಯದು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆ, 6,300ಕ್ಕೂ ಹೆಚ್ಚು ಸಂಸ್ಥೆ! ಆದರೆ ಅದು ಸರಕಾರಿ ಸಂಸ್ಥೆಗಳಿಗೆಂದು ಮಾಡಿದ ಯೋಜನೆ. ನಮ್ಮ ಭಾಗದಲ್ಲಿ ಪದವಿ ಓದಿಸುವ ಭಾರ ಬಹುಪಾಲು ಹೊತ್ತಿರುವುದು ಖಾಸಗಿ, ಅನುದಾನಿತ ಸಂಸ್ಥೆಗಳು. ಅವುಗಳಿಗೆ ಎನ್-ಲಿಸ್ಟೇ ಆಸರೆ. ಅದೂ ಸುದ್ದಿ ಮುಟ್ಟಿದರೆ.

ಗ್ರಂಥಪಾಲಕರನ್ನೇ ಬೈದು ಪ್ರಯೋಜನವಿಲ್ಲ. ಅವರೂ ವಾಟ್ಸಾಪ್ ಗುಂಪಿಗೆ ಪಟ್ಟಿ ಹಾಕುತ್ತಾರೆ. ಅದು ಶುಭೋದಯ, ಹುಟ್ಟುಹಬ್ಬದ ಹೂಗುಚ್ಛಗಳ ಕೆಳಗೆ ಮುಚ್ಚಿಹೋಗುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಎರಚುವುದೇ ಇಲ್ಲಿನ ತಪ್ಪು. ಪುಸ್ತಕಕ್ಕೆ ಓದುಗನನ್ನು ಹುಡುಕಿಕೊಡುವುದೂ ಗ್ರಂಥಾಲಯದ ಕೆಲಸವೆಂದು ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದರು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಗೊಂದು ತರಬೇತಿ ಕೇಂದ್ರ ತೆರೆದರು. ಅರ್ಥಶಾಸ್ತ್ರದವರಿಗೆ ಅರ್ಥಶಾಸ್ತ್ರದ ನಾಲ್ಕು ಹೆಸರು, ಸಸ್ಯಶಾಸ್ತ್ರದವರಿಗೆ ಅವರ ಮೂರು, ಅದೂ ಈ ಸೆಮಿಸ್ಟರಿನ ಪಾಠಕ್ಕೆ ಹೊಂದುವಂಥದ್ದು. ಹೀಗೆ ಆರಿಸಿ ಹೇಳಿದರೆ ಕಿವಿಗೆ ಬೀಳುತ್ತದೆ.

ಇದೇನು ಪರದೇಶದ ವಿದ್ಯೆಯಲ್ಲ. ಕೋಟುಮಚಗಿಯಲ್ಲೇ 1012ನೇ ಇಸವಿಯ ಶಾಸನವಿದೆ, ಪಾಠ ಹೇಳುವವರಿಗೆ ಭೂಮಿ ಬಿಟ್ಟದ್ದು. ನಾಗಾವಿಯ 1058ರ ಶಾಸನದಲ್ಲಂತೂ (ಗದಗ ಪಕ್ಕದ ನಾಗಾವಿಯಲ್ಲ, ಚಿತ್ತಾಪುರ ಕಡೆಯದು) ಘಟಿಕಾಸ್ಥಾನಕ್ಕೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಅಲ್ಲಿ ಶಿಷ್ಯರು ಇನ್ನೂರೈವತ್ತರ ಆಸುಪಾಸು. ಈಗ ಸಾವಿರ ಮಕ್ಕಳ ಕಾಲೇಜಿಗೂ ಒಬ್ಬರೇ ಗ್ರಂಥಪಾಲಕರಿದ್ದರೆ ಆರಿಸಿ ಹೇಳುವವರು ಯಾರು?

ಆಡಳಿತ ಮಂಡಳಿಗಳು ಮುಂದಿನ ಸಲ ಚಂದಾ ಚೆಕ್ಕಿಗೆ ಸಹಿ ಹಾಕುವ ಮುನ್ನ ಒಂದು ಲೆಕ್ಕ ಕೇಳಲಿ: ಹೋದ ವರ್ಷ ಎಷ್ಟು ಮಾಸ್ತರರು ಒಳಹೊಕ್ಕು ನೋಡಿದರು? ಆ ಲೆಕ್ಕವನ್ನು ಸ್ಟಾಫ್ ರೂಮಿನ ಬೋರ್ಡಿಗೂ ಹಚ್ಚಲಿ. ಫೀ ಕಟ್ಟುವ ತಂದೆ-ತಾಯಿಗಳೂ ಇದನ್ನು ಕೇಳಬಹುದು, ತಪ್ಪೇನಿಲ್ಲ.