ಅಕ್ಕಚ್ಚಿನ ಬಾಲ್ದಿ ನಮ್ಮ ಅಡಿಗೆಮನೆಯಲ್ಲಿ ಇದೆಯೇ?



ಕಾಶಿಯಿಂದ ಏನಾದರೂ ಬರೆದು ಕಳಿಸಿ ಎಂದು ಸಂಪಾದಕರು ಎರಡು ಸಲ ಫೋನ್ ಮಾಡಿದರು. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಬರೆಯುವುದೆಂದರೆ ನನಗೆ ಬಿಲ್ ಬುಕ್ಕು ಮತ್ತು ಸಾಮಾನಿನ ಚೀಟಿ, ಅಷ್ಟೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಪರಿಸರದ ಬಗ್ಗೆ ನಮ್ಮ ಸಭೆಗಳಲ್ಲಿ ಮಾತು ಬಂದಾಗಲೆಲ್ಲ ಅದು ಕಾನೂನಿನಿಂದ ಶುರುವಾಗಿ ದಂಡದಲ್ಲಿ ಮುಗಿಯುತ್ತದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸ್ವೀಟ್ ಬಾಕ್ಸಿಗೆ ಸುತ್ತುವ ತೆಳು ಹಾಳೆ ಎಲ್ಲ ಬಂದ್. ಅದೇ ವರ್ಷದ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಕ್ಯಾರಿಬ್ಯಾಗ್ ಬಂದ್. ಕರಿದ ಎಣ್ಣೆಯ ಪೋಲಾರ್ ಅಂಶ ಶೇಕಡಾ 25 ದಾಟಿದರೆ ಅದನ್ನು ಬಳಸಬಾರದು ಎಂಬುದು 2018ರಿಂದಲೇ ಇದೆ. ಇವೆಲ್ಲ ನಮಗೆ ಬಾಯಿಪಾಠ. ಆದರೂ ನಮ್ಮಲ್ಲಿ ಎಷ್ಟು ಜನರ ಹಿಂಬಾಗಿಲಿನ ಚರಂಡಿಯನ್ನು ಧೈರ್ಯವಾಗಿ ಇನ್ನೊಬ್ಬರಿಗೆ ತೋರಿಸಬಹುದು? ಇನ್ಸ್‌ಪೆಕ್ಟರ್ ಬರುವುದು ಮುಂಬಾಗಿಲಿನಿಂದ. ಹಿಂಬಾಗಿಲನ್ನು ಕಾಯುವುದು ಮನೆಯಲ್ಲಿ ಕಲಿತ ಅಭ್ಯಾಸ ಒಂದೇ ಎಂಬುದು ನನ್ನ ಅನಿಸಿಕೆ.

ನನ್ನ ಊರು ಕುಂದಾಪುರದ ಹತ್ತಿರದ ಹಳ್ಳಿ. ನಮ್ಮ ಕಡೆಯವರಿಗೆ ಅಕ್ಕಚ್ಚು ಅಂದರೆ ವಿವರಿಸಬೇಕಾಗಿಲ್ಲ. ಬೇರೆ ಕಡೆ ಕಲಗಚ್ಚು, ಮುಸುರೆ ಎನ್ನುತ್ತಾರೆ. ಅಕ್ಕಿ ತೊಳೆದ ನೀರು, ಗಂಜಿತಿಳಿ, ಬಾಳೆಹಣ್ಣಿನ ಸಿಪ್ಪೆ, ಸೌತೆಕಾಯಿ ತಿರುಳು ಎಲ್ಲವೂ ಅಡಿಗೆಮನೆ ಮೂಲೆಯ ಒಂದು ಬಾಲ್ದಿಗೆ, ಅಲ್ಲಿಂದ ಹಟ್ಟಿಗೆ. ನಾವು ಮಕ್ಕಳು ಆ ಬಾಲ್ದಿಗೆ ಒಂದು ನೂಲಿನ ತುಂಡು ಹಾಕಿದರೂ ಅಮ್ಮನಿಂದ ಪೆಟ್ಟು. ಪರಿಸರ ಎಂಬ ಶಬ್ದ ಅಮ್ಮನಿಗೆ ಗೊತ್ತಿರಲಿಲ್ಲ. ದನದ ಹೊಟ್ಟೆಗೆ ಹೋಗುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಪಾತ್ರೆ ತೊಳೆದ ನೀರು ತೆಂಗಿನ ಬುಡಕ್ಕೆ, ಊಟದ ಎಲೆ ಗೊಬ್ಬರದ ಗುಂಡಿಗೆ. ಕಸ ಎಂದು ಬೇರೆಯಾಗಿ ಉಳಿಯುವುದೇ ಕಡಿಮೆ. ಈಗ ಹಸಿಕಸ, ಒಣಕಸ ಬೇರೆ ಮಾಡಿ ಎಂದು ಧ್ವನಿವರ್ಧಕದಲ್ಲಿ ಕೂಗಿಸುತ್ತಾರಲ್ಲ, ಅದನ್ನು ನಾವು ಪೆಟ್ಟು ತಿಂದು ಕಲಿತಿದ್ದೆವು.

1987ರಲ್ಲಿ ಸೋದರಮಾವನ ಮೆಸ್ಸಿಗೆ ಕೆಲಸಕ್ಕೆಂದು ಕಾಶಿಗೆ ಬಂದೆ. ಹನುಮಾನ್ ಘಾಟ್, ಕೇದಾರ ಘಾಟ್ ಕಡೆ ದಕ್ಷಿಣದವರ ವಾಸ ಹಿಂದಿನಿಂದಲೂ ಇದೆ. ನಮ್ಮ ಕರ್ನಾಟಕ ಘಾಟ್ ಕೂಡ ಅಲ್ಲೇ. ಮಾವನ ಮೆಸ್ಸಿನಲ್ಲೂ ಅದೇ ಬಾಲ್ದಿ ಇತ್ತು. ಗಲ್ಲಿಯ ಹಾಲಿನವನು ಸಂಜೆ ಬಂದು ಎಮ್ಮೆಗೆ ಒಯ್ಯುತ್ತಿದ್ದ. ಬಾಳೆ ಎಲೆ ಚಳಿಗಾಲದಲ್ಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಹಾಗಾಗಿ ಇಲ್ಲಿನವರಂತೆ ಪತ್ತಲ್, ದೊನ್ನೆ. ಸೋನಭದ್ರದ ಕಾಡಿನ ಕಡೆಯಿಂದ ಬರುವ ಎಲೆ. ಉತ್ತರ ಕರ್ನಾಟಕದವರ ಮುತ್ತುಗದ ಪತ್ರಾವಳಿಯ ಅಣ್ಣ ಎನ್ನಿ.

ನಂತರ ನಾನು ಸ್ವಂತ ಹೋಟೆಲ್ ಮಾಡಿದೆ, ದೊಡ್ಡದು ಮಾಡಿದೆ. ಯಾತ್ರಿಕರ ಗುಂಪುಗಳಿಗೆ ಊಟದ ಆರ್ಡರ್ ಹಿಡಿದೆ. ಹಾಲಿನವನು ದಾರಿ ಬದಲಿಸಿದ, ಬಾಲ್ದಿ ಎತ್ತಿಟ್ಟೆವು. ಯಾವ ದಿನ ಎತ್ತಿಟ್ಟೆವು ಎಂದು ಕೇಳಿದರೆ ನನಗೆ ನೆನಪಿಲ್ಲ. ಅದೇ ನೋಡಿ ಇದರ ಗಮ್ಮತ್ತು. ಒಳ್ಳೆಯ ಅಭ್ಯಾಸ ಹೋಗುವಾಗ ಯಾರಿಗೂ ಹೇಳಿ ಹೋಗುವುದಿಲ್ಲ. ತಟ್ಟೆಗೆ ಥರ್ಮೋಕೋಲ್ ಬಂತು: ಹಗುರ, ಅಗ್ಗ, ಸೋರುವುದಿಲ್ಲ. ಪಾರ್ಸೆಲ್ ಸಾಂಬಾರಿಗೆ ಪ್ಲಾಸ್ಟಿಕ್ ತೊಟ್ಟೆ, ಮೇಲೆ ಒಂದು ಗಂಟು.

2013ರಲ್ಲಿ ಅಮ್ಮ ಕಾಶಿಗೆ ಬಂದಿದ್ದರು. ಆ ವಾರ ಊರ ಕಡೆಯ ಒಂದು ಭಜನಾ ತಂಡಕ್ಕೆ ಘಾಟಿನ ಮೇಲೆಯೇ ಮುನ್ನೂರು ಜನರ ಊಟ ನನ್ನದು. ಊಟ ಚೆನ್ನಾಗಿ ಆಯಿತು, ಹೊಗಳಿದರು, ಹಣವೂ ಬಂತು. ಮರುದಿನ ಬೆಳಗಿನ ಜಾವ ಅಮ್ಮನನ್ನು ಸ್ನಾನಕ್ಕೆ ಕರೆದುಕೊಂಡು ಹೋದೆ. ಮೆಟ್ಟಿಲ ಹತ್ತಿರ, ದೋಣಿಗಳ ಸಂದಿಯಲ್ಲಿ ಬಿಳಿ ತಟ್ಟೆಗಳು ತೇಲುತ್ತಿದ್ದವು. ಒಂದರಲ್ಲಿ ನುಗ್ಗೆಕಾಯಿ ಜಗಿದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಕಾಶಿಯಲ್ಲಿ ಆ ದಿನ ನುಗ್ಗೆಕಾಯಿ ಸಾಂಬಾರು ಮಾಡಿದವರು ಇನ್ಯಾರು ಸ್ವಾಮಿ? ಅಮ್ಮ ಸ್ನಾನಕ್ಕೆ ಇಳಿಯಲಿಲ್ಲ. ಸೀರೆ ಸೆರಗು ಸಿಕ್ಕಿಸಿಕೊಂಡು ಕೈಗೆ ಸಿಕ್ಕಷ್ಟು ತಟ್ಟೆ ಹೆಕ್ಕಿದರು. "ಇದ್ ನಿನ್ ಹೋಟ್ಲಿದ್ ಅಲ್ದಾ ಮಗಾ?" ಅಂದರು. ಇಷ್ಟೇ. ಹೋಟೆಲಿಗೆ ಬಂದು ಆ ಒದ್ದೆ ತಟ್ಟೆಗಳ ಕಟ್ಟನ್ನು ಗಲ್ಲಾಪೆಟ್ಟಿಗೆಯ ಪಕ್ಕ, ದೇವರ ಫೋಟೋದ ಕೆಳಗೆ ಇಟ್ಟರು. ಗಿರಾಕಿಗಳು ಬರುವ ಹೊತ್ತು. ತೆಗೆಯಲು ನನಗೆ ಧೈರ್ಯ ಬರಲಿಲ್ಲ.

ಬಡಿಸುವ ಹುಡುಗರ ಮೇಲೆ ಹಾಕಬಹುದಿತ್ತು, ಭಜನೆಯವರ ಮೇಲೂ ಹಾಕಬಹುದಿತ್ತು. ತಂದದ್ದು ನಾನು.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ಗಂಗೆಯನ್ನು ತಾಯಿ ಎನ್ನುವ ಊರಿನಲ್ಲಿ ಹೀಗೇಕೆ ಎಂದು. ಮೂವತ್ತೈದು ವರ್ಷ ಮೇಲಾಯಿತು, ನಾನು ಈ ಊರಿನಲ್ಲಿ ಕಂಡದ್ದು ಏನೆಂದರೆ ಭಕ್ತಿ ಬೇರೆ, ಅಭ್ಯಾಸ ಬೇರೆ. ಹೂವಿನ ಜೊತೆ ಪ್ಲಾಸ್ಟಿಕ್ ತೊಟ್ಟೆಯನ್ನೂ ನೀರಿಗೆ ಬಿಟ್ಟು ಕೈ ಮುಗಿಯುವವರ ಭಕ್ತಿ ಸುಳ್ಳಲ್ಲ. ತಾಯಿ ಎಲ್ಲವನ್ನೂ ತೊಳೆಯುತ್ತಾಳೆ ಎಂದು ಅವರು ನಿಜವಾಗಿ ನಂಬಿದ್ದಾರೆ. ನಾವೂ ಅದೇ ಜಾತಿ. ಮನೆಯಲ್ಲಿ ತಾಯಿ ತೊಳೆಯುತ್ತಾಳೆ ಎಂದು ತಾನೇ ತಟ್ಟೆ ಬಿಟ್ಟು ಏಳುವುದು?

ಸರ್ಕಾರ ಸುಮ್ಮನೆ ಕೂತಿಲ್ಲ. ಗಂಗಾ ಕ್ರಿಯಾ ಯೋಜನೆಯನ್ನು 1986ರ ಜೂನ್ 14ರಂದು ಆಗಿನ ಪ್ರಧಾನಿ ರಾಜೀವ್ ಗಾಂಧಿಯವರು ಇದೇ ಕಾಶಿಯಲ್ಲಿ ಶುರು ಮಾಡಿದರು. 2018ರ ನವೆಂಬರಿನಲ್ಲಿ ದೀನಾಪುರದಲ್ಲಿ ದಿನಕ್ಕೆ 14 ಕೋಟಿ ಲೀಟರ್ ಕೊಳಚೆ ನೀರು ಶುದ್ಧೀಕರಿಸುವ ಘಟಕ ಉದ್ಘಾಟನೆಯಾಯಿತು. ಘಾಟುಗಳು ನಾನು ಬಂದ ಕಾಲಕ್ಕಿಂತ ಎಷ್ಟೋ ಚೊಕ್ಕ, ಇದನ್ನು ಹೇಳಲೇಬೇಕು. ಆದರೆ 2021ರ ಡಿಸೆಂಬರಿನಲ್ಲಿ ವಿಶ್ವನಾಥ ಕಾರಿಡಾರ್ ಆದ ಮೇಲೆ ಬರುವ ಜನವೂ ಹಾಗೇ ಏರಿದ್ದಾರೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿಗೆ ಭಾರತ್ ಗೌರವ್ ರೈಲು ಬಂದ ಮೇಲೆ ನಮ್ಮ ಕನ್ನಡದ ಗಿರಾಕಿಗಳೂ ಹೆಚ್ಚು. ಅಷ್ಟೂ ಬಾಯಿಗಳಿಗೆ ಊಟ ಹಾಕುವವರು ನಾವು. ಬೊಂಡದ ಎಣ್ಣೆಯನ್ನು ನಾವು ಮೋರಿಗೆ ಸುರಿದರೆ ಅದು ಪೈಪಿನೊಳಗೆ ತಣ್ಣಗಾಗಿ ಗಟ್ಟಿಯಾಗಿ ಕೂರುತ್ತದೆ. ದೀನಾಪುರದವರೆಗೆ ನೀರು ಹೋದರೆ ತಾನೇ ಶುದ್ಧವಾಗುವುದು?

ಅಭ್ಯಾಸ ಮತ್ತು ಭಕ್ತಿ ಎರಡೂ ಒಂದೇ ಮನುಷ್ಯನಲ್ಲಿ ಇದ್ದದ್ದನ್ನೂ ಈ ಊರು ಕಂಡಿದೆ. ಸಂಕಟಮೋಚನ ಹನುಮಾನ್ ಮಂದಿರದ ಮಹಂತರಾಗಿದ್ದ ವೀರಭದ್ರ ಮಿಶ್ರಾ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್ ಕೂಡ ಆಗಿದ್ದರು. ನೀರಿನ ಶಾಸ್ತ್ರವೇ ಅವರ ವಿಷಯ. ಆ ನೀರಿನಲ್ಲಿ ಏನಿದೆ ಎಂದು ಲೆಕ್ಕ ಸಮೇತ ಗೊತ್ತಿದ್ದೂ ತುಳಸಿ ಘಾಟಿನಲ್ಲಿ ಅವರ ಗಂಗಾಸ್ನಾನ ತಪ್ಪುತ್ತಿರಲಿಲ್ಲ. 1982ರಲ್ಲಿ ಸಂಕಟಮೋಚನ ಫೌಂಡೇಶನ್ ಕಟ್ಟಿದರು, ಘಾಟಿನಲ್ಲೇ ನೀರು ಪರೀಕ್ಷಿಸುವ ಪ್ರಯೋಗಾಲಯ ಮಾಡಿದರು. ಗಂಗೆ ಕೊಳಕಾಗಿದ್ದಾಳೆ ಎಂದರೆ ಜನ ಸಿಟ್ಟಾಗುತ್ತಾರೆ, ನಿಮ್ಮ ತಾಯಿಯ ಮೇಲೆ ಹೊಲಸು ಚೆಲ್ಲುತ್ತಿದ್ದಾರೆ ಎಂದರೆ ಕಿವಿಗೊಡುತ್ತಾರೆ ಎಂಬುದು ಅವರು ಕಂಡುಕೊಂಡ ದಾರಿ. ಅಂದರೆ ಅವರೂ ಮನೆಯ ಮಾತಿನಲ್ಲೇ ಹೇಳಬೇಕಾಯಿತು. 2013ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಮಗ ವಿಶ್ವಂಭರನಾಥ ಮಿಶ್ರಾ ಅವರೂ ಅಲ್ಲಿಯೇ ಪ್ರೊಫೆಸರ್, ಮಹಂತರೂ ಹೌದು. ತಂದೆಯ ಕೆಲಸವನ್ನು ಮುಂದುವರಿಸಿದ್ದಾರೆ. ಗಾದಿ ಮಗನಿಗೆ ಬರುವುದು ಎಲ್ಲ ಕಡೆ ಇದೆ, ಕೆಲಸವೂ ಬರುವುದು ಅಪರೂಪ.

ಕುಲ್ಹಡ್ ಬಗ್ಗೆ ಒಂದು ಮಾತು, ಏಕೆಂದರೆ ಊರಿನಿಂದ ಬಂದ ನಮ್ಮ ಉದ್ಯಮದವರು ಅದರ ಫೋಟೋ ತೆಗೆಯದೆ ಹೋಗುವುದಿಲ್ಲ. ಇಲ್ಲಿ ಅದಕ್ಕೆ ಪುರ್ವಾ ಎನ್ನುತ್ತಾರೆ. 2004ರಲ್ಲಿ ಲಾಲು ಪ್ರಸಾದರು ರೈಲಿನಲ್ಲಿ ತಂದರು, ನಿಲ್ಲಲಿಲ್ಲ. 2019ರಲ್ಲಿ ವಾರಾಣಸಿ ಮತ್ತು ರಾಯಬರೇಲಿ ಸ್ಟೇಷನ್ನುಗಳಲ್ಲಿ ಮತ್ತೆ ಆದೇಶವಾಯಿತು. ಸ್ಟೇಷನ್ ಹೊರಗೆ, ಗಲ್ಲಿಗಳ ಚಹಾದಂಗಡಿಯಲ್ಲಿ ಮಾತ್ರ ಅದು ಯಾವ ಆದೇಶವನ್ನೂ ಕಾಯದೆ ಉಳಿದಿದೆ. ಎಂಜಲು ಲೋಟ ಮುಟ್ಟಬಾರದು ಎಂಬ ಮನೆಯ ರೂಢಿ ಅದನ್ನು ಉಳಿಸಿತು. ಆದರೆ ಸುಟ್ಟ ಮಣ್ಣು ಬೇಗ ಕರಗುವುದಿಲ್ಲ. ಚರಂಡಿಗೆ ಬಿದ್ದ ಪುರ್ವಾ ಚರಂಡಿ ಕಟ್ಟುತ್ತದೆ. ಇಷ್ಟವಾದರೆ ಬೆಂಗಳೂರಿನಲ್ಲೂ ಇಡಿ, ಎಲ್ಲಿ ಬಿಸಾಡುತ್ತೀರಿ ಎಂದು ಮೊದಲು ಯೋಚಿಸಿ ಇಡಿ.

ನನ್ನ ಹೋಟೆಲಿಗೆ ಬರುತ್ತೇನೆ. ಅಮ್ಮ ಊರಿಗೆ ಹೋದ ಮೇಲೆ ಪತ್ತಲ್‌ಗೆ ವಾಪಸಾದೆ. ಪ್ಲೇಟಿಗೆ ಒಂದೂವರೆ ರೂಪಾಯಿ ಹೆಚ್ಚು ಬಿತ್ತು. ಆರ್ಡರ್ ಹಿಡಿಯುವಾಗಲೇ ಸೇರಿಸಿ ಹೇಳಿದೆ, ಯಾರೂ ಬಿಟ್ಟು ಹೋಗಲಿಲ್ಲ. ಪಾರ್ಸೆಲಿಗೆ ಡಬ್ಬ ತಂದವರಿಗೆ ಒಂದು ಸೌಟು ಸಾಂಬಾರ್ ಹೆಚ್ಚು. ತೊಟ್ಟೆಯ ಸಾಂಬಾರಿನ ಗತಿ ಏನು ಎಂದು ತಿಳಿಯಲು ಕಾಶಿಯ ಗಲ್ಲಿಗೆ ಬನ್ನಿ. ಗೂಳಿಗೆ, ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ, ವಾಸನೆ ಹಿಡಿದು ತೊಟ್ಟೆ ಸಮೇತ ನುಂಗುತ್ತವೆ. ವಿಶ್ವನಾಥನ ಊರಿನಲ್ಲಿ ನಂದಿಗೆ ನಾವು ಬಡಿಸುವ ಊಟ ಇದು.

ಬಾಲ್ದಿ ವಾಪಸ್ ಬಂದದ್ದು ಮಾತ್ರ ನನ್ನಿಂದಲ್ಲ. ಈಗ ಊರಿನಿಂದ ಹುಡುಗರು ಬರುವುದಿಲ್ಲ. ಚಂದೌಲಿ, ಗಾಜೀಪುರ, ಬಿಹಾರದ ಕಡೆಯವರೇ ಎಲ್ಲ. ಚಂದೌಲಿಯ ಒಬ್ಬ ಹುಡುಗ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ ಎರಡನೇ ದಿನವೇ ಗಂಜಿ ಚೆಲ್ಲದೆ ನಿಂತ. ಇದಕ್ಕೆ ಬಾಲ್ದಿ ಎಲ್ಲಿ ಎಂದ. ಅವರ ಮನೆಯಲ್ಲಿ ಎರಡು ಎಮ್ಮೆ. ಮನೆಯ ಸಂಸ್ಕಾರ ಎಂದರೆ ಕರಾವಳಿಯವರದ್ದು, ನಮ್ಮವರದ್ದು ಎಂದು ನಾನು ತಿಳಿದಿದ್ದೆ. ನಾನು ಮರೆತದ್ದನ್ನು ಚಂದೌಲಿಯ ಹುಡುಗ ನೆನಪಿಸಿದ. ಅವನೇ ಒಬ್ಬ ಹಾಲಿನವನನ್ನು ಹುಡುಕಿ ತಂದ. ದಿನಕ್ಕೆ ಎರಡು ಡ್ರಮ್ ಹೋಗುತ್ತದೆ: ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ. ಹಾಲಿನವನ ಶರತ್ತು ನಮ್ಮ ಅಮ್ಮನದ್ದಕ್ಕಿಂತ ಬಿಗಿ. ಟೂತ್‌ಪಿಕ್ ಸಿಕ್ಕರೆ ಡ್ರಮ್ ನಮ್ಮ ಬಾಗಿಲಲ್ಲೇ ಕವುಚಿ ಹೋಗುತ್ತಾನೆ. ಉಪ್ಪು ಖಾರದ್ದು ಬೇಡ, ಅನ್ನವೂ ಜಾಸ್ತಿ ಬೇಡ. ಅನ್ನ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಉಳಿದದ್ದು ನಗರಪಾಲಿಕೆ ಗಾಡಿಗೆ. ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ನೀರಿನ ಬಾಟಲಿಯ ವಿಷಯದಲ್ಲಿ ನಾನೂ ಸೋತಿದ್ದೇನೆ. ಯಾತ್ರಿಕರು ಬೇರೆ ನೀರು ಕುಡಿಯಲು ಒಪ್ಪುವುದೇ ಇಲ್ಲ.

ನನಗಿರುವ ಚಿಂತೆ ಮಗನದ್ದು. ಇಲ್ಲೇ ಹುಟ್ಟಿದವನು, ಬಿ.ಕಾಂ. ಮಾಡಿ ಹೋಟೆಲ್ ನೋಡಿಕೊಳ್ಳುತ್ತಿದ್ದಾನೆ. ಲೆಕ್ಕದಲ್ಲಿ ನನಗಿಂತ ಚುರುಕು. "ಅಪ್ಪಯ್ಯ, ಕಸದ ಗಾಡಿಗೆ ದುಡ್ಡು ಕಟ್ಟುತ್ತೇವಲ್ಲ, ಈ ಡ್ರಮ್ ರಗಳೆ ಯಾಕೆ?" ಎನ್ನುತ್ತಾನೆ. ತಪ್ಪು ಅವನದ್ದಲ್ಲ. ಅವನು ಬೆಳೆದದ್ದು ಮೂರನೇ ಮಾಳಿಗೆಯ ಫ್ಲಾಟಿನಲ್ಲಿ. ದನದ ಬಾಯಿಯ ಹತ್ತಿರ ಬಾಲ್ದಿ ಹಿಡಿದು ಗೊತ್ತಿಲ್ಲ, ಮೂಗಿನ ಉಸಿರು ಕೈಗೆ ತಾಗಿದ್ದು ಗೊತ್ತಿಲ್ಲ. ಅದನ್ನು ಸೆಮಿನಾರಿನಲ್ಲಿ ಹೇಗೆ ಕಲಿಸುತ್ತೀರಿ? ಜೂನ್ 5ರಂದು ಫ್ಲೆಕ್ಸ್ ಬ್ಯಾನರ್ ಕಟ್ಟಿ ಸಸಿ ನೆಟ್ಟು, ಬಾಟಲಿ ನೀರು ಹಂಚಿ ಫೋಟೋ ತೆಗೆಸುವುದರಿಂದ ಬರುವ ವಿದ್ಯೆ ಅಲ್ಲ ಇದು. ಸಂಘಕ್ಕೆ ನನ್ನ ಸಲಹೆ ಇಷ್ಟೆ. ಮಾಲೀಕರ ಮಕ್ಕಳು ಗಲ್ಲದ ಮೇಲೆ ಕೂರುವ ಮೊದಲು ಆರು ತಿಂಗಳು ಪಾತ್ರೆ ತೊಳೆಯುವ ಕಡೆ ನಿಲ್ಲಲಿ, ಡ್ರಮ್ ಎತ್ತಲಿ. ನನ್ನ ಮಗನನ್ನು ಈ ಚಾತುರ್ಮಾಸದಿಂದ ನಿಲ್ಲಿಸಿದ್ದೇನೆ. ಮುಖ ಊದಿಸಿಕೊಂಡಿದ್ದಾನೆ. ಇರಲಿ.

ಇನ್ನೊಂದು ವಿಷಯ ಹೇಳದೆ ಇರಲಾರೆ. ನಮ್ಮ ಕುಟುಂಬದ ನಾಗಬನ ಊರಿನಲ್ಲಿದೆ. ಚಿಕ್ಕಂದಿನಲ್ಲಿ ಅಲ್ಲಿಂದ ಒಣಗಿದ ಸೌದೆಯನ್ನೂ ತರುತ್ತಿರಲಿಲ್ಲ. ಸುರಗಿ, ರೆಂಜೆ ಮರಗಳ ಕೆಳಗೆ ಮಧ್ಯಾಹ್ನವೂ ತಂಪು. ಈಗ ಕರಾವಳಿಯಲ್ಲಿ ಎಷ್ಟೋ ಕಡೆ ಬನ ಕಡಿದು ಕಾಂಕ್ರೀಟ್ ಕಟ್ಟೆ ಮಾಡಿ, ಟೈಲ್ಸ್ ಹಾಕಿ, ಜೀರ್ಣೋದ್ಧಾರ ಎನ್ನುತ್ತಾರೆ. ನಮ್ಮಲ್ಲೂ ಅದೇ ಯೋಜನೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎಸ್ಟಿಮೇಟ್ ಬಂದಿದೆ, ಗ್ರಾನೈಟ್ ಯಾವ ಬಣ್ಣ ಎಂದು ಚರ್ಚೆ ನಡೆದಿದೆ. ಮುಂಬೈ, ಬೆಂಗಳೂರಿನ ಹೋಟೆಲಿನವರೇ ಹೆಚ್ಚು ಹಣ ಹಾಕುವವರು, ನಾನೂ ಒಬ್ಬ. ಮರ ಉಳಿಸಿ ಕಟ್ಟುವುದಾದರೆ ನನ್ನ ಪಾಲು ಎರಡರಷ್ಟು ಕೊಡುತ್ತೇನೆ, ಕಡಿಯುವುದಾದರೆ ಒಂದು ರೂಪಾಯಿ ಇಲ್ಲ ಎಂದು ಹಿರಿಯ ಬಾವನವರಿಗೆ ಬರೆದಿದ್ದೇನೆ. ಅಮ್ಮನಿಗೂ ಫೋನಿನಲ್ಲಿ ಹೇಳಿದೆ. ಬಾವನವರ ಉತ್ತರ ಇನ್ನೂ ಬಂದಿಲ್ಲ.